ಮಾಸ್ತರರು ಬಿಟ್ಟ ಸಾಲು

ಸಂಜೆ ಐದಕ್ಕೆ ಖಾಜಾ ಮಿಯಾ ಬರುವವರಿದ್ದರು. ರೇಡಿಯೊ ಮನೆಗೆ ಬಂದು ಅಂದಿಗೆ ಎಂಟು ದಿನ. "ಕೇಳಿ ನೋಡ್ರಿ ರಾವಸಾಬ್. ಪಸಂದ ಬಂದ್ರ ಇಟ್ಕೋರಿ, ಇಲ್ಲಂದ್ರ ನಾ ವಾಪಸ್ ಒಯ್ತೇನಿ" ಎಂದು ಅವರೇ ತಂದು ಕೂಡಿಸಿ ಹೋಗಿದ್ದರು. ಬೀದರಿನ ಅವರ ಅಂಗಡಿಯ ಪದ್ಧತಿಯೇ ಹಾಗೆ. ಎಂಟು ದಿನ ಹಾಡು ಕೇಳಿದ ಮನೆಯವರಿಗೆ ಒಂಬತ್ತನೆಯ ದಿನ ಮನೆ ಬಿಕೋ ಅನ್ನಿಸುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

"ಈಗಽ ತಗೊಂಡುಬಿಡೋಣ," ಎಂದರು ಗೋವಿಂದರಾಯರು.

"ಈಗ ಬ್ಯಾಡ್ರಿ. ತಡೀರಿ," ಎಂದರು ಜಾನಕಿಬಾಯಿ, ಜೋಳದ ಹಿಟ್ಟು ಜರಡಿ ಹಿಡಿಯುತ್ತ.

ಎಂಟು ದಿನದಿಂದಲೂ ಇದೇ ಮಾತು. ಆದರೆ ತಡೆಯಲು ರಾಯರಿಗೆ ದಿನಗಳೇ ಇರಲಿಲ್ಲ. ಬರುವ ನವೆಂಬರ್ ಒಂದಕ್ಕೆ ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತದೆ. ಅದರ ಬೆನ್ನಿಗೇ ಕಂದಾಯ ಕಚೇರಿಯ ಗುಮಾಸ್ತ ಗೋವಿಂದರಾಯರು ಮೈಸೂರು ಪಟ್ಟಣಕ್ಕೆ ಹೋಗಿ ಕೆಲಸಕ್ಕೆ ಹಾಜರಾಗಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಜಾನಕಿಬಾಯಿ ಹೋಗುವಂತಿಲ್ಲ. ಮತ್ತೆ ಒಟ್ಟಿಗಿರುವುದು ಎಂದೋ, ಕೇಳಿದರೆ ಯಾವ ಸಾಹೇಬರೂ ಹೇಳಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಗಂಡಹೆಂಡತಿ ಬೇರೆ ಇದ್ದದ್ದು ಒಂದೇ ಒಂದು ತಿಂಗಳು, ಅದೂ ರಾಯರು ಔರಾದಿನ ಕ್ಯಾಂಪಿಗೆ ಹೋಗಿದ್ದಾಗ.

"ಕೇಳಿಲ್ಲಿ," ಎಂದು ರಾಯರು ಹತ್ತಿರ ಬಂದು ಕೂತರು. ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ಹೆಸರು ಹಿಡಿದು ಕರೆಯುವುದು ಆ ಮನೆಯ ರೂಢಿಯಲ್ಲ. "ದಿನಾ ಸಂಜಿ ಏಳಕ್ಕ ನೀ ಇಲ್ಲಿ ಸುದ್ದಿ ಹಚ್ಚು. ಅಷ್ಟೊತ್ತಿಗಿ ನಾ ಅಲ್ಲಿ ಯಾವುದರ ಹೋಟೆಲಿನಾಗ ಕೂತು ಅದಽ ಸುದ್ದಿ ಕೇಳ್ತೇನಿ. ಇಬ್ರೂ ಒಂದ ಕಡಿ ಕೂತು ಕೇಳಿದಂಗ ಆಗ್ತದ."

ಜರಡಿ ನಿಂತಿತು. ಕಚೇರಿಯ ಕಾಗದ ಬಿಟ್ಟರೆ ಬೇರೇನೂ ತಲೆಯಲ್ಲಿಲ್ಲ ಎಂದುಕೊಂಡಿದ್ದ ಮನುಷ್ಯ ಇಷ್ಟು ದೂರ ಯೋಚಿಸಿದ್ದಾರಲ್ಲ ಎಂದು ಜಾನಕಿಬಾಯಿಗೆ ಗಂಡನ ಮೇಲೆ ಮರುಕವೂ ಪ್ರೀತಿಯೂ ಒಟ್ಟಿಗೇ ಉಕ್ಕಿದವು. ಆದರೂ ಬಿಟ್ಟುಕೊಡಲಿಲ್ಲ.

"ಅದು ಊರಿಗೆಲ್ಲ ಹೇಳೂ ಸುದ್ದಿ ಅಲ್ರಿ. ನಿಮ್ಮ ಸುದ್ದಿ ನನಗ ಹ್ಯಾಂಗ ತಿಳೀಬೇಕು?"

"ಪತ್ರ ಬರೀತೇನಿ. ರಶೀದ ಮಾಸ್ತರು ಓದಿ ಹೇಳ್ತಾರ."

ಸಂಕಟ ಇದ್ದದ್ದೇ ಅಲ್ಲಿ. ನಿಜಾಮರ ಕಾಲದ ಶಾಲೆಯಲ್ಲಿ ಕಲಿತ ರಾಯರಿಗೆ ಬರೆಯಲು ಬರುತ್ತಿದ್ದದ್ದು ಉರ್ದು ಮಾತ್ರ. ಮನೆಮಾತು ಕನ್ನಡವಾದರೂ ಅದರ ಒಂದಕ್ಷರ ತಿಳಿಯದು. ಜಾನಕಿಬಾಯಿಗೆ ಭಾಲ್ಕಿಯ ತವರಿನಲ್ಲಿ ತಂದೆ ಕನ್ನಡ ಕಲಿಸಿದ್ದರು. ಉರ್ದು ಅವರ ಕಣ್ಣಿಗೆ ಬರೀ ಬಳ್ಳಿಯ ಹಾಗೆ. ಔರಾದಿನಿಂದ ಬಂದ ಆ ಒಂದೇ ಪತ್ರವನ್ನು ನೆರೆಮನೆಯ ರಶೀದ ಅಹ್ಮದ ಮಾಸ್ತರರು ಅಂಗಳದಲ್ಲಿ ನಿಂತು ಓದಿ ಹೇಳಿದ್ದರು. ಅತ್ತೆಯ ಔಷಧ, ಎಮ್ಮೆಯ ಮೇವು, ಸೋರುವ ಮಾಳಿಗೆ, ಎಲ್ಲ ಗಟ್ಟಿಯಾಗಿ ಓದಿ, ಕಡೆಯ ಸಾಲಿಗೆ ಬಂದಾಗ ಕೆಮ್ಮಿ, ಕಾಗದ ಮಡಚಿ ಕೊಟ್ಟು, "ಉಳಿದದ್ದು ಬರೀ ಸಲಾಮು, ತಂಗಿ" ಎಂದು ಹೊರಟುಬಿಟ್ಟಿದ್ದರು. ಸಲಾಮಿಗೆ ಇಷ್ಟುದ್ದದ ಸಾಲೇ ಎಂದು ಜಾನಕಿಬಾಯಿಗೆ ಅನುಮಾನ. ಆ ಕಾಗದ ಹತ್ತು ವರ್ಷದಿಂದ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇದೆ.

"ಅವರು ಓದಲಾರದ ಬಿಟ್ಟ ಸಾಲಿನಾಗ ಏನ್ ಬರದಿದ್ರಿ?"

"ಹತ್ತು ವರ್ಷದ ಮಾತು. ಯಾರಿಗಿ ನೆನಪದ." ರಾಯರು ಪಂಚೆಯ ತುದಿಯಿಂದ ರೇಡಿಯೊದ ಗುಂಡಿ ಒರೆಸತೊಡಗಿದರು. ಅದರ ಮೇಲೆ ಧೂಳೇನೂ ಇರಲಿಲ್ಲ.

"ರೇಡಿಯೊ ಎಲ್ಲಾರ ಸಂಗಟ ಮಾತಾಡ್ತದ್ರಿ. ನನಗ ನೀವು ನನ್ನೊಬ್ಬಾಕಿ ಸಂಗಟ ಮಾತಾಡೂದು ಬೇಕು," ಎಂದರು ಜಾನಕಿಬಾಯಿ. "ಇನ್ನ ಇಪ್ಪತ್ತು ದಿನ ಅವ. ಕಚೇರಿಯಿಂದ ಬಂದು ದಿನಾ ಇದರ ಮುಂದ ಕೂತುಬಿಟ್ರ ನಾ ನಿಮಗ ಕನ್ನಡ ಯಾವಾಗ ಕಲಿಸಬೇಕು?"

ರಾಯರು ಕೈ ತೆಗೆದು ರೇಡಿಯೊದ ಕಡೆ ಒಮ್ಮೆ, ಹೆಂಡತಿಯ ಕಡೆ ಒಮ್ಮೆ ನೋಡಿದರು. ನಲವತ್ತಾರರ ವಯಸ್ಸಿನಲ್ಲಿ ಪಾಟಿ ಹಿಡಿಯುವುದೆಂದರೆ ಅವರಿಗೆ ನಾಚಿಕೆ. ಆದರೂ ಇಲ್ಲ ಎನ್ನಲಿಲ್ಲ.

ಐದಕ್ಕೆ ಸರಿಯಾಗಿ ಖಾಜಾ ಮಿಯಾ ಬಂದರು. ವಾಪಸ್ ಒಯ್ಯಿರಿ ಎಂದಾಗ ಅವರ ಮುಖ ಸಣ್ಣದಾಯಿತು. "ಯಾಕ್ರಿ, ಆವಾಜ ಸಾಫ್ ಇಲ್ಲೇನು?"

"ಆವಾಜ ಛಲೋ ಅದರಿ, ಭಾಯಿ. ಮುಂದ ತಗೋತೇವಿ. ಸದ್ಯಕ್ಕ ನಮ್ಮ ಮನ್ಯಾಗ ಸಾಲಿ ಸುರು ಆಗ್ಯದ," ಎಂದರು ಜಾನಕಿಬಾಯಿ.

ಮಕ್ಕಳಿಲ್ಲದ ಮನೆಯಲ್ಲಿ ಎಂಥ ಶಾಲೆಯೋ ಎಂದು ಖಾಜಾ ಮಿಯಾ ಕೇಳಲಿಲ್ಲ. ಪೆಟ್ಟಿಗೆಗೆ ಬಟ್ಟೆ ಸುತ್ತಿ ಎತ್ತಿಕೊಂಡು ನಡೆದರು.

ರೇಡಿಯೊ ಇದ್ದ ಮೇಜಿನ ಮೇಲೆ ಜಾನಕಿಬಾಯಿ ಪಾಟಿ ತಂದಿಟ್ಟು ರಾಯರ ಕೈಗೆ ಬಳಪ ಕೊಟ್ಟರು. ಇಪ್ಪತ್ತೈದು ವರ್ಷ ಉರ್ದು ಬರೆದ ಕೈ ತಾನಾಗಿಯೇ ಹೋಗಿ ಪಾಟಿಯ ಬಲತುದಿಯಲ್ಲಿ ನಿಂತಿತು. ಜಾನಕಿಬಾಯಿ ನಕ್ಕು, ಮುಂಗೈ ಹಿಡಿದು, ಅದನ್ನು ಮೆಲ್ಲಗೆ ಎಡತುದಿಗೆ ತಂದರು.

"ಮೊದಲ ಅ ಬರೀರಿ."

"ಅ ಆಮ್ಯಾಲ," ಎಂದರು ರಾಯರು, ತಲೆ ಎತ್ತದೆ. "ಮೊದಲ ಜಾ ತೋರ್ಸು. ಮಾಸ್ತರು ಬಿಟ್ಟ ಸಾಲು ಅಲ್ಲಿಂದಽ ಸುರು ಆಗ್ತದ."