ಕದ ಹಳೆಯದು, ಚೌಕಟ್ಟು ಹೊಸದು

ಶಸ್ತ್ರಚಿಕಿತ್ಸೆಗೆಂದು ನಿಲ್ಲಿಸಿದ್ದ ಹೃದಯದ ಕವಾಟದ ಮೇಲೆ ಸರ್ಜನ್ ನೀರು ಸುರಿದಳು. ಹಿರಿಯ ನರ್ಸಿನ ಬೆರಳು ಲೋಹದ ಕವಾಟವಿದ್ದ ಪೆಟ್ಟಿಗೆಯ ಸೀಲಿನ ಮೇಲಿತ್ತು. ನೀರು ಸೋರಿದರೆ ಸೀಲು ಒಡೆದು ಲೋಹದ್ದನ್ನೇ ಕೂರಿಸಬೇಕು.

ಮೇಜಿನ ಮೇಲಿದ್ದವನು ಬಡಗಿ. ಲೋಹದ್ದನ್ನು ಕೂರಿಸಿದರೆ ಜೀವನವಿಡೀ ರಕ್ತ ತೆಳುವಾಗಿಸುವ ಮಾತ್ರೆ. ಆಮೇಲೆ ಉಳಿ ತಾಗಿದರೂ ರಕ್ತ ಬೇಗ ನಿಲ್ಲದು. "ಚೌಕಟ್ಟಿಗೆ ಗೆದ್ದಲು ಹಿಡಿದ್ರೆ ಗಟ್ಟಿ ಕದ ಯಾಕೆ ಎಸೀಬೇಕು, ಡಾಕ್ಟರಮ್ಮ?" ಎಂದು ನಿನ್ನೆ ಕೇಳಿದ್ದ. ಆಕೆ ಹಾಗೆಯೇ ಮಾಡಿದ್ದಳು. ಕವಾಟದ ಸುತ್ತ ಊದಿಕೊಂಡಿದ್ದ ಮಹಾಪಧಮನಿಯನ್ನು ಕತ್ತರಿಸಿ ತೆಗೆದು, ಬಟ್ಟೆಯ ಕೊಳವೆಯೊಳಗೆ ಅವನದೇ ಕವಾಟವನ್ನು ಹೊಲಿದಿದ್ದಳು.

ನೀರು ಕೂದಲೆಳೆಯಷ್ಟು ಇಳಿಯಿತು.

"ಇಷ್ಟು ಸಾಕಲ್ವಾ ಮೇಡಂ?" ರಕ್ತ ಹರಿಸುವ ಯಂತ್ರದ ಬಳಿಯಿದ್ದವನು ಗಡಿಯಾರ ನೋಡಿದ.

"ಆ ಬಡಗಿ ಇಷ್ಟು ಸಂದು ಬಿಟ್ಟು ಬಾಗಿಲು ಕೂರಿಸ್ತಾರಾ?" ಎಂದು ಆಕೆ ಒಂದೇ ಒಂದು ಹೊಲಿಗೆ ಬಿಚ್ಚಿ, ಎಳ್ಳಷ್ಟು ಮೇಲಕ್ಕೆ ಮತ್ತೆ ಹಾಕಿದಳು.

ಮತ್ತೆ ನೀರು ಸುರಿದಳು. ಕವಾಟದ ಮೂರು ಎಸಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತವು. ಬಟ್ಟಲಲ್ಲಿಟ್ಟಂತೆ ನೀರು ನಿಂತೇ ಇತ್ತು.

ನರ್ಸ್ ಸೀಲು ಒಡೆಯದ ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿದಳು. "ನಮ್ಮನೆ ಬಚ್ಚಲ ಬಾಗಿಲೂ ಸರಿಯಾಗಿ ಮುಚ್ಚಲ್ಲ ಮೇಡಂ," ಎಂದಳು. "ಬಡಗಿ ಏಳೋವರೆಗೆ ಕಾಯ್ಲಾ, ನೀವೇ ಬರ್ತೀರಾ?"