ಹದಿನೇಳನೇ ಸೀಸೆ

ಗೆರೆ ಏರುತ್ತ ಏರುತ್ತ ಪರದೆಯ ಮೇಲಂಚನ್ನೇ ಮುಟ್ಟಿತು. ರಕ್ತದಲ್ಲಿ ಔಷಧಿ ಇರಬೇಕಾದ್ದಕ್ಕಿಂತ ಮೂರು ಪಟ್ಟು.

ತಂತ್ರಜ್ಞೆಗೆ ಮೊದಲು ಅನುಮಾನ ಬಂದದ್ದು ಯಂತ್ರದ ಮೇಲೆ. ಪಂಪು ನಿಲ್ಲಿಸಿದಳು. ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯನ್ನು ಬಿಚ್ಚಿ, ತುದಿಯನ್ನು ಹೊಸದಾಗಿ ಕತ್ತರಿಸಿ, ಭೂತಗನ್ನಡಿ ಹಿಡಿದು ನೋಡಿದಳು. ಕತ್ತರಿಸಿದ್ದು ನೇರವಾಗಿತ್ತು. ಮತ್ತೆ ಜೋಡಿಸಿ ತಿರುಪು ಬಿಗಿದಳು. ಎಲ್ಲೂ ಸೋರಲಿಲ್ಲ. ಪ್ರಮಾಣ ಮೊದಲೇ ಗೊತ್ತಿದ್ದ ದ್ರಾವಣವೊಂದನ್ನು ಹಾಯಿಸಿದಳು; ಉತ್ತರ ಸರಿಯಾಗಿಯೇ ಬಂತು. ಹದಿನೇಳನೇ ಸೀಸೆಯ ತಳದಲ್ಲಿ ಉಳಿದಿದ್ದನ್ನು ಇನ್ನೊಮ್ಮೆ ಹಾಯಿಸಿದಳು. ಅದೇ ಮೂರು ಪಟ್ಟು.

ಸೀಸೆಗಳು ಬರುತ್ತಿದ್ದುದು ಮೂರನೇ ಮಹಡಿಯ ನವಜಾತ ಶಿಶುಗಳ ವಾರ್ಡಿನಿಂದ. ಅಂಗೈಯಗಲದ ಕೂಸುಗಳಿಂದ ಒಂದು ಹನಿಗಿಂತ ಹೆಚ್ಚು ರಕ್ತ ತೆಗೆಯುವಂತಿಲ್ಲ. ಅದಕ್ಕೇ ಅಷ್ಟು ಸಣ್ಣ ಕೊಳವೆ. ಸೀಸೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಬೇರೆ ಸಂಖ್ಯೆಗಳು ಎರಡು ಮೂರು ವಾರ ಬಂದು ನಿಂತುಹೋಗುತ್ತಿದ್ದವು. ಹದಿನೇಳು ಮಾತ್ರ ಒಂಬತ್ತು ವಾರ ತಪ್ಪದೆ ಬಂದಿತ್ತು. ನೆಲಮಾಳಿಗೆಯಲ್ಲಿ ಒಬ್ಬಳೇ ಕೂತು ದುಡಿದು, ಮನೆಗೆ ಹೋದರೂ ಒಬ್ಬಳೇ ಆಗುವ ಹೆಂಗಸಿಗೆ ಅದೊಂದು ನಂಟಾಗಿಬಿಟ್ಟಿತ್ತು. "ಬಂದ್ಯಾ, ಪುಟ್ಟಾ," ಎಂದುಕೊಂಡೇ ಮುಚ್ಚಳ ತೆಗೆಯುತ್ತಿದ್ದಳು.

ವಾರ್ಡಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಅಂಕಿ ಬರೆದ ಚೀಟಿ ಹಿಡಿದು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು.

"ಹದಿನೇಳಕ್ಕೆ ಔಷಧಿ ಜಾಸ್ತಿಯಾಗಿದೆ, ಸಿಸ್ಟರ್. ಮುಂದಿನ ಡೋಸು ಕೊಡ್ಬೇಡಿ," ಎಂದಳು ಏದುಸಿರು ಬಿಡುತ್ತ.

ಹಿರಿಯ ನರ್ಸು ದಾಖಲೆ ಪುಸ್ತಕದ ಮೇಲೆ ಬೆರಳಾಡಿಸಿದಳು. ಇನ್ನೊಂದು ಪುಟ ತಿರುವಿದಳು. ಆಮೇಲೆ ಮೆಲ್ಲಗೆ ತಲೆಯೆತ್ತಿದಳು.

"ಹದಿನೇಳು ಇಲ್ಲಮ್ಮ. ನೀವು ಕೂತ್ಕೊಳ್ಳಿ, ಡಾಕ್ಟರನ್ನ ಕರೀತೀನಿ."

ಅವಳು ಬೆಂಚಿನ ಮೇಲೆ ಕುಸಿದಳು. ಕೊಳವೆ ಬಿಚ್ಚಿ ಜೋಡಿಸುವುದರಲ್ಲಿ ಒಂದೂವರೆ ಗಂಟೆ ಕಳೆದಿದ್ದಳು. ಮೊದಲ ಗೆರೆ ಕಂಡಾಗಲೇ ಓಡಿ ಬಂದಿದ್ದರೆ? ಗಾಜಿನಾಚೆ ಎರಡು ಸಾಲು ತೊಟ್ಟಿಲುಗಳಿದ್ದವು. ಅದು ಯಾವುದರಲ್ಲಿ ಮಲಗಿತ್ತೋ ತಿಳಿಯಲಿಲ್ಲ. ಹೆಣ್ಣೋ ಗಂಡೋ ಅದೂ ಗೊತ್ತಿರಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ವೈದ್ಯರು ಬಂದು ಪಕ್ಕದಲ್ಲಿ ಕೂತರು. ಅವಳ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಅಂಕಿಯನ್ನು ಎರಡು ಸಲ ನೋಡಿದರು. ಅವರ ಮುಖ ಅರಳಿತು.

"ಅಳ್ಬೇಡಿ, ಮೇಡಂ, ನಿಮಗೆ ನೂರಕ್ಕೆ ನೂರು. ನಿಮ್ಮ ಅಳತೆ ಸರಿ ಇದೆಯಾ ಅಂತ ನೋಡೋಕೆ ಪ್ರತಿ ವಾರ ನಾನೇ ರಕ್ತಕ್ಕೆ ಔಷಧಿ ಬೆರೆಸಿ, ಹದಿನೇಳು ಅಂತ ಬರೆದು ಕಳಿಸ್ತಿದ್ದೆ. ಹದಿನೇಳು ಅನ್ನೋ ಮಗು ಯಾವತ್ತೂ ಇರ್ಲಿಲ್ಲ."