ಚರಗದ ಸುತ್ತು

ಕರಜಗಿಯ ಕಲ್ಲಣ್ಣ ಚರಗ ಚೆಲ್ಲುತ್ತ ಹೊಲದ ಎರಡನೆಯ ಮೂಲೆಗೆ ಬಂದಿದ್ದ. ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ಒಂದು ಹಿಡಿ ಸಜ್ಜೆ ಕಡುಬು, ಭಜ್ಜಿ ಕೂಡಿಸಿ ಕಲಸಿದ್ದು. ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಮಸ್ಕತ್ತಿನದೇ ಇರಬೇಕು, ಎಳ್ಳಮಾವಾಸ್ಯೆಯ ದಿನ ಈ ಹೊತ್ತಿನಲ್ಲಿ ಊರಿನ ಯಾರೂ ಯಾರಿಗೂ ಫೋನು ಮಾಡುವುದಿಲ್ಲ, ಎಲ್ಲರೂ ತಂತಮ್ಮ ಹೊಲದಲ್ಲಿರುತ್ತಾರೆ.

ಮಗಳು ಪ್ರಾಜಕ್ತಾಳ ಬಾಣಂತನಕ್ಕೆಂದು ಹೆಂಡತಿ ಕಲ್ಯಾಣಮ್ಮ ಮಸ್ಕತ್ತಿಗೆ ಹೋಗಿ ಇಪ್ಪತ್ತು ದಿನವಾಗಿತ್ತು. ಈ ಬೆಳಿಗ್ಗೆ ಏಳಕ್ಕೆ, ‘ಬ್ಯಾನಿ ಸುರು ಆಗ್ಯಾವ್ರಿ, ಬಿಪಿ ಏರೇದ, ದವಾಖಾನಿಗಿ ಬಂದೀವಿ’ ಎಂದಷ್ಟೇ ಹೇಳಿ ಫೋನು ಇಟ್ಟಿದ್ದಳು. ಆಮೇಲೆ ಸುದ್ದಿಯಿಲ್ಲ. ಹೋದ ವರ್ಷ ಇದೇ ಬಿಪಿ ಏಳನೆಯ ತಿಂಗಳಲ್ಲಿ ಕೂಸನ್ನು ತೆಗೆದುಕೊಂಡು ಹೋಗಿತ್ತು. ತಾಯಿ ಉಳಿದದ್ದೇ ಪುಣ್ಯ ಎಂದಿದ್ದರು ಡಾಕ್ಟರು.

ಕಲ್ಲಣ್ಣನಿಗೆ ಇವತ್ತು ಹೊಲದ ಕಡೆ ಬರುವ ಮನಸ್ಸೇ ಇರಲಿಲ್ಲ. ಹಬ್ಬಕ್ಕೆಂದು ಸೊಲ್ಲಾಪುರದಿಂದ ಎಸ್‌ಟಿ ಬಸ್ಸು ಹಿಡಿದು ಬಂದಿದ್ದ ತಮ್ಮ ಗುರುಶಾಂತನೇ ಅವನನ್ನು ಎಬ್ಬಿಸಿದ್ದ.

“ಇವತ್ತ ಬಿಡಬಾರದು ಅಣ್ಣಾ. ಭೂಮಿತಾಯಿ ಬಸರಿ. ಆಕಿಗಿ ಉಣಸಲಾರದ ನಮ್ಮ ಹುಡುಗಿಗಿ ಛಲೋ ಆಗ್ಲಿ ಅಂದ್ರ ಹ್ಯಾಂಗ?”

“ನಡುವ ಫೋನ್ ಬಂದ್ರ?”

“ಬಂದ್ರ ಬರ್ಲಿ, ಮಾತಾಡಬ್ಯಾಡ. ಅಪ್ಪ ಏನ್ ಹೇಳತಿದ್ದ, ಮರತಿ?”

ಮರೆತಿರಲಿಲ್ಲ. ಜೋಳ ತೆನೆಗಟ್ಟುವ ಹೊತ್ತಿಗೆ ಭೂಮಿ ತುಂಬು ಬಸುರಿ, ಚರಗ ಆಕೆಯ ಬಯಕೆ ಊಟ. ಉಣ್ಣುವ ಬಸುರಿಯನ್ನು ನಡುವೆ ಎಬ್ಬಿಸಬಾರದು. ಅದಕ್ಕೇ ಈ ಮನೆತನದಲ್ಲಿ ಬದುವಿಗೆ ಕಾಲಿಟ್ಟ ಮೇಲೆ ನಾಲ್ಕು ಮೂಲೆ ಮುಗಿಯುವ ತನಕ ಕೂಗು ಬಿಟ್ಟು ಬೇರೆ ಮಾತಿಲ್ಲ. ಚೆಲ್ಲುವವನು ‘ಹುಲ್ಲುಲ್ಲಿಗ್ಯೋ’ ಎನ್ನಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಸಲಾಂಬ್ರಿಗ್ಯೋ’ ಎಂದು ಓಗೊಡಬೇಕು. ಮೂವತ್ತೊಂದು ವರ್ಷ ಹಾಗೆ ಓಗೊಟ್ಟವಳು ಕಲ್ಯಾಣಮ್ಮ. ಈ ವರ್ಷ ನೀರಿನ ತಂಬಿಗೆ ಗುರುಶಾಂತನ ಕೈಯಲ್ಲಿ. ಟಾವೆಲ್ ಕಾರ್ಖಾನೆಯ ಮಗ್ಗಗಳ ಸದ್ದಿನಲ್ಲಿ ಇಪ್ಪತ್ತು ವರ್ಷ ಮಾತಾಡಿದವನ ಗಂಟಲಿಗೇನು ಕಡಿಮೆ! ಆದರೆ ಕಲ್ಲಣ್ಣನಿಗೆ ಅದು ಓಗೊಟ್ಟಂತೆ ಕೇಳಿಸಲಿಲ್ಲ, ಬೈದಂತೆ ಕೇಳಿಸಿತು.

ಫೋನು ನಿಲ್ಲಲೊಲ್ಲದು. ಗುರುಶಾಂತ ಬೇಡ ಬೇಡ ಎಂದು ತಲೆಯಲ್ಲಾಡಿಸಿದ. ಕಲ್ಲಣ್ಣ ತಡೆಯಲಾರದೆ ಅಂಟು ಬೆರಳಿನಿಂದಲೇ ಫೋನು ಎತ್ತಿ, ಸ್ಪೀಕರ್ ಹಾಕಿ, ಕಿಸೆಗೇ ಇಳಿಬಿಟ್ಟ. “ರೀ...” ಎಂದಿತು ಹೆಂಡತಿಯ ದನಿ. ಮಾತಾಡಿದರೆ ಕಟ್ಟು ಮುರಿಯುತ್ತದೆ, ಅದೂ ಇವತ್ತು, ಮಗಳು ಅಲ್ಲಿ ಮಲಗಿರುವಾಗ. ಅವನ ಬಾಯಿಂದ ಬಂದದ್ದೊಂದೇ.

“ಹುಲ್ಲುಲ್ಲಿಗ್ಯೋ!”

ಗಂಡ ಬದುವಿನ ಮೇಲಿದ್ದಾನೆಂಬುದು ಅವಳಿಗೆ ತಿಳಿಯಿತು.

“ಸಲಾಂಬ್ರಿಗ್ಯೋ...”

ಅಷ್ಟೇ. ಸುದ್ದಿ ಹೇಳಲಿಲ್ಲ. ಕಟ್ಟಿನ ವಿಷಯದಲ್ಲಿ ಆಕೆ ಗಂಡನಿಗಿಂತ ಒಂದು ಕೈ ಮೇಲು. ಕಲ್ಲಣ್ಣ ಒಂದು ಹಿಡಿ ಚೆಲ್ಲಿ ಮತ್ತೆ ಕೂಗಿದ, ಆಕೆ ಮತ್ತೆ ಓಗೊಟ್ಟಳು. ಗುರುಶಾಂತ ಬಾಯಿ ಮುಚ್ಚಿಕೊಂಡು ಬರೀ ನೀರು ಚಿಮುಕಿಸುತ್ತ ಬಂದ. ಕಲ್ಲಣ್ಣನ ಜೀವವೆಲ್ಲ ಕಿವಿಯಲ್ಲಿತ್ತು. ಒಮ್ಮೆ ದನಿ ಎತ್ತರಕ್ಕೆ ಬಂತು: ಹಡೆದಿದ್ದಾಳೆ, ಇಬ್ಬರೂ ಸುಖವಾಗಿದ್ದಾರೆ. ಮುಂದಿನ ಸಲ ಕೊನೆಯ ‘ಗ್ಯೋ’ ನಡುಗಿತು: ಈ ಕೂಸೂ ಹೋಗಿರಬೇಕು. ಅದರ ಮುಂದಿನದು ಎಷ್ಟು ಸಣ್ಣಗೆ ಬಂತೆಂದರೆ ಅವನ ಕಾಲು ಜೋಳದ ದಂಟಿಗೆ ತೊಡರಿತು. ಕೂಸಲ್ಲದೆ ಮಗಳೇ ಏನಾದರೂ...? ಇರುವುದು ಮೂರೇ ಎಕರೆ, ಇವತ್ತು ಮುಗಿಯಲೊಲ್ಲದು. ಓಡೋಣವೆಂದರೆ ಬಸುರಿಗೆ ಉಣಿಸುತ್ತ ಯಾರಾದರೂ ಓಡುತ್ತಾರೆಯೆ?

ಮೂರನೆಯ ಮೂಲೆಯಲ್ಲಿ ಫೋನಿನೊಳಗೆ ಯಾವಳೋ ತಿಳಿಯದ ಭಾಷೆಯಲ್ಲಿ ಗದರಿದಳು. ದವಾಖಾನೆಯಲ್ಲಿ ಒದರಬೇಡ ಎಂದಳೋ, ಬೇಗ ಒಳಗೆ ಬಾ ಎಂದಳೋ. ಕಲ್ಲಣ್ಣನ ಕೈಯಲ್ಲಿದ್ದ ಹಿಡಿ ಅಲ್ಲೇ ಕೆಳಗೆ ಬಿತ್ತು. ಹೇಗೋ ದನಿ ತೆಗೆದು ಕೂಗಿದ. ಓ ಬಂತು, ಈ ಸಲ ಪಿಸುಮಾತಿನಲ್ಲಿ.

ನಾಲ್ಕನೆಯ ಮೂಲೆಯಲ್ಲಿ ಉಳಿದದ್ದನ್ನೆಲ್ಲ ಒಮ್ಮೆಲೇ ಚೆಲ್ಲಿ, ಕೊನೆಯ ಓ ಕೇಳಿದ್ದೇ ತಡ, ಬುಟ್ಟಿ ಕೆಳಗಿಟ್ಟು ಎರಡೂ ಕೈಯಿಂದ ಫೋನು ಹಿಡಿದ.

“ಮುಗೀತು. ಈಗ ಹೇಳು. ಪ್ರಾಜಕ್ತಾ ಹ್ಯಾಂಗದಾಳ?”

“ನನಗೂ ಗೊತ್ತಿಲ್ಲರಿ.”

“ಅಂದ್ರ?”

“ಒಳಗ ಒಯ್ದು ಎರಡು ತಾಸಾತು. ಯಾರೂ ಏನೂ ಹೇಳವಲ್ಲರು. ಅಳಿಯಾ ಕೆಲಸದ ಜಾಗಾದಿಂದ ಬರೂದ್ರಾಗ ಸಂಜಿ ಆಗ್ತದಂತ. ಒಬ್ಬಾಕಿನೇ ಕುಂತೀನಿ. ಭಾಳ ಅಂಜಿಕಿ ಬಂತು, ಅದಕ್ಕ ಫೋನ್ ಹಚ್ಚಿದ್ನಿ.”

ಕಲ್ಲಣ್ಣ ಫೋನು ಹಿಡಿದುಕೊಂಡೇ ಬದುವಿನ ಮೇಲೆ ಕುಳಿತ. ಧೈರ್ಯ ಹೇಳಬೇಕಾದವನು ಅವನೇ. ಗುರುಶಾಂತ ತಂಬಿಗೆಯನ್ನು ಹಿಡಿದುಕೊಂಡು ಬೇರೆ ಕಡೆ ಮುಖ ಮಾಡಿ ನಿಂತ.

“ರೀ,” ಎಂದಳು ಕಲ್ಯಾಣಮ್ಮ. “ಇನ್ನೊಂದು ಸುತ್ತ ಹೋಗ್ರಿ.”

“ಚರಗ ತೀರೇದಲ್ಲ.”

“ತೀರ್ಲಿ. ನೀವು ಕೂಗ್ರಿ, ನಾ ಓ ಅಂತೀನಿ.”